ಮನೆಯೇ ಶಾಲೆಯಾದರೆ ಅಮ್ಮನ ಪುರುಸೊತ್ತು ಯಾರ ಪಾಲು?

‘ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು’ ಎಂಬ ಮಾತು ನಾನು ಓದಿದ ಸರ್ಕಾರಿ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಕಣ್ಣಿಗೆ ಬೀಳುತ್ತಿದ್ದ ಸಾಲು. ಅದರಲ್ಲಿ ‘ಮೊದಲ’ ಎಂಬ ಪದಕ್ಕೆ ಎಷ್ಟು ತೂಕವಿದೆ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಮೊದಲ ಗುರು ಎಂದಮೇಲೆ ಎರಡನೆಯವರೂ ಇರುತ್ತಾರೆ. ಮಗುವಿಗೆ ಐದಾರು ವರ್ಷವಾಗುವ ಹೊತ್ತಿಗೆ ತಾಯಿ ಅದರ ಕೈಯನ್ನು ಇನ್ನೊಬ್ಬರ ಕೈಗೆ ಕೊಟ್ಟು ತನ್ನ ಹೊಲಕ್ಕೋ ಆಫೀಸಿಗೋ ಅಡುಗೆಮನೆಗೋ ಮರಳುತ್ತಾಳೆ ಎಂಬ ಒಪ್ಪಂದ ಆ ಸಾಲಿನೊಳಗೆ ಅಡಗಿದೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರು ಆ ಒಪ್ಪಂದವನ್ನು ಬಿಟ್ಟುಕೊಟ್ಟವರು. ನಾನೂ ಅವರಲ್ಲೊಬ್ಬಳು.

ನಾಲ್ಕು ವರ್ಷದ ಹಿಂದೆ, ಮಗಳ ಮೂರನೇ ತರಗತಿ ಮುಗಿದ ಏಪ್ರಿಲ್‌ನಲ್ಲಿ, ಬೆಂಗಳೂರಿನ ಅವಳ ಶಾಲೆಗೆ ಹೋಗಿ ಟಿ.ಸಿ. ತಂದೆವು. ಆ ವರ್ಷವಿಡೀ ಭಾನುವಾರ ಸಂಜೆಯಾದರೆ ಸಾಕು, ಅವಳಿಗೆ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದರೂ ಏನೂ ಸಿಗಲಿಲ್ಲ. ಬೇಸಿಗೆ ರಜೆ ಶುರುವಾದ ವಾರ ನೋವು ತಾನಾಗಿಯೇ ನಿಂತಿತು. ನಮಗೆ ಅಷ್ಟು ಸಾಕಾಯಿತು. ಆ ನಿರ್ಧಾರದ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಮಗಳಿಗೆ ಈಗ 12. ನಗುತ್ತಾಳೆ, ಓದುತ್ತಾಳೆ, ವಾದ ಮಾಡುತ್ತಾಳೆ, ಭಾನುವಾರ ಸಂಜೆ ಎಂದರೆ ಅವಳಿಗೆ ಬರೀ ಭಾನುವಾರ ಸಂಜೆ.

ಈ ನಾಲ್ಕು ವರ್ಷದಲ್ಲಿ ನಂಟರು, ನೆರೆಯವರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಎಲ್ಲರೂ ಪ್ರಶ್ನೆ ಕೇಳಿದ್ದಾರೆ. ‘ಹತ್ತನೇ ಕ್ಲಾಸ್ ಪರೀಕ್ಷೆ ಹೇಗೆ ಬರೀತಾಳೆ?’, ‘ಫ್ರೆಂಡ್ಸ್ ಯಾರಿದಾರೆ?’, ‘ನಾಲ್ಕು ಜನರ ಜೊತೆ ಬೆರೆಯೋದು ಯಾವಾಗ ಕಲೀತಾಳೆ?’ ಎಲ್ಲವೂ ಮಗುವಿನ ಬಗ್ಗೆ. ಹಾಗಿರುವುದು ಸಹಜವೂ ಹೌದು. ಆದರೆ ‘ನಿನ್ನ ದಿನ ಹೇಗೆ ಕಳೆಯುತ್ತೆ?’ ಎಂದು ಕೇಳಿದವರು ಇಬ್ಬರೇ ಇಬ್ಬರು. ಇಬ್ಬರೂ ಕೆಲವು ವರ್ಷ ಮಕ್ಕಳನ್ನು ಮನೆಯಲ್ಲೇ ಓದಿಸಿ, ಆಮೇಲೆ ಶಾಲೆಗೆ ಸೇರಿಸಿದ ತಾಯಂದಿರು. ಹೋಮ್‌ಸ್ಕೂಲಿಂಗ್ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲೂ ಈ ಪ್ರಶ್ನೆ ನನಗೆ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಅದನ್ನೇ ಎತ್ತಿಕೊಳ್ಳುತ್ತೇನೆ.

ಪಾಠದ ಗಂಟೆ, ಜೊತೆಗಿರುವ ಗಂಟೆ

ಶಾಲೆ ಎಂದ ತಕ್ಷಣ ನಮಗೆ ಪಾಠ, ಪುಸ್ತಕ, ಅಂಕಪಟ್ಟಿ ನೆನಪಾಗುತ್ತವೆ. ಅದರ ಇನ್ನೊಂದು ಕೆಲಸ ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಆರೇಳು ಗಂಟೆ ಮಗುವಿಗೆ ಒಂದು ಸೂರು, ಒಂದು ಕಾವಲು, ಜೊತೆಗೊಬ್ಬ ದೊಡ್ಡವರು ಇರುವಂತೆ ಅದು ನೋಡಿಕೊಳ್ಳುತ್ತದೆ. ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದ ಮಕ್ಕಳ ಪಾಲನೆಯ ಏರ್ಪಾಡು ಬೇರೊಂದಿಲ್ಲ. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟವೂ ಅದರ ಜೊತೆಗಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದು ಲೆಕ್ಕವಿದೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಬೋಧನಾ ಗಂಟೆ. 6ರಿಂದ 8ನೇ ತರಗತಿಗೆ 220 ದಿನ, 1000 ಗಂಟೆ. ಶಿಕ್ಷಕರು ತಯಾರಿಯೂ ಸೇರಿ ವಾರಕ್ಕೆ 45 ಗಂಟೆ ಕೆಲಸ ಮಾಡಬೇಕು. ಎಂಟು ವರ್ಷದ್ದನ್ನು ಕೂಡಿದರೆ ಒಂದು ಮಗುವಿಗೆ 7000 ಗಂಟೆ ಪಾಠ. ಹೋಮ್‌ಸ್ಕೂಲಿಂಗ್ ಶುರುಮಾಡುವ ಮುಂಚೆ ನಾನು ಹಿಡಿದು ಕೂತಿದ್ದು ಈ ಲೆಕ್ಕವನ್ನೇ. ಹಳಬರು ಸಮಾಧಾನ ಹೇಳಿದರು: ‘ಶಾಲೆಯಲ್ಲಿ ನಾಲ್ಕು ಗಂಟೆ ಹಿಡಿಯೋ ಪಾಠ ಮನೆಯಲ್ಲಿ ಒಂದೂವರೆ ಗಂಟೆಗೆ ಮುಗಿಯುತ್ತೆ, ಎದುರಿಗೆ ಇರೋದು ಒಂದೇ ಮಗು ತಾನೇ.’

ಆ ಮಾತು ನಿಜ. ನಮ್ಮ ಮನೆಯಲ್ಲೂ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಎಲ್ಲ ಸೇರಿ ಕೂತು ಓದುವ ಹೊತ್ತು ಎರಡು ಗಂಟೆ ದಾಟುವುದು ಅಪರೂಪ. ನಾನು ತಪ್ಪಿದ್ದು ಬೇರೆ ಕಡೆ. ಪಾಠದ ಗಂಟೆ ಎರಡಕ್ಕೆ ಇಳಿಯಿತು, ಆದರೆ ಉಳಿದ ನಾಲ್ಕೈದು ಗಂಟೆಯಲ್ಲಿ ಮಗಳು ಎಲ್ಲಿಗೂ ಹೋಗಲಿಲ್ಲ. ಅವಳು ಮನೆಯಲ್ಲೇ ಇದ್ದಳು, ಹಾಗಾಗಿ ನಾನೂ ಇರಬೇಕಾಯಿತು. ಕಲಿಸುವ ಹೊತ್ತು ಎಷ್ಟೇ ಕುಗ್ಗಿದರೂ ಜೊತೆಗಿರುವ ಹೊತ್ತು ಕುಗ್ಗುವುದಿಲ್ಲ. ತಂದೆ ತಾಯಿಯ ಸ್ವಾತಂತ್ರ್ಯದ ಮಟ್ಟಿಗೆ ಎಣಿಸಬೇಕಾದದ್ದು ಈ ಎರಡನೆಯ ಹೊತ್ತನ್ನು.

ನಾನು ಪುಸ್ತಕಗಳ ಕರಡು ತಿದ್ದುವವಳು. ಮಗಳು ಶಾಲೆಗೆ ಹೋಗುತ್ತಿದ್ದಾಗ ವ್ಯಾನ್ ಹೊರಟ ಮೇಲೆ, 9ರಿಂದ 3ರವರೆಗೆ, ಒಂದೇ ಪಟ್ಟಿಗೆ ಕೂತು ಮೂವತ್ತು ಪುಟ ನೋಡುತ್ತಿದ್ದೆ. ಕರಡು ತಿದ್ದುವುದು ಗಂಟೆಯ ಲೆಕ್ಕದ ಕೆಲಸವಲ್ಲ, ಗಮನದ ಕೆಲಸ. ಹದಿನೈದು ನಿಮಿಷದ ನಾಲ್ಕು ತುಂಡು ಸೇರಿಸಿದರೆ ಒಂದು ಗಂಟೆಯಾಗುತ್ತದೆ, ಆದರೆ ಒಂದು ಗಂಟೆಯ ಕೆಲಸವಾಗುವುದಿಲ್ಲ. ಒಮ್ಮೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಬಕೆಟ್ ಮಗುಚಿ ಅದರ ಮೇಲೆ ಸುಮ್ಮನೆ ಕೂತಿದ್ದೆ. ಸ್ನಾನಕ್ಕಲ್ಲ, ಐದು ನಿಮಿಷ ಯಾರೂ ಮಾತಾಡಿಸದೆ ಇರಲಿ ಅಂತ. ಬಾಗಿಲ ಸಂದಿಯಿಂದ ದನಿ ಬಂತು: ‘ಅಮ್ಮಾ, ಎಂಟನೇ ಲೆಕ್ಕದಲ್ಲಿ ಶೇಷ ಉಳೀತಿದೆ. ಉಳೀಬೇಕಾ?’ ಅವಳದು ಒಳ್ಳೆಯ ಪ್ರಶ್ನೆ. ತನ್ನ ಉತ್ತರವನ್ನು ತಾನೇ ಅನುಮಾನಿಸಿ ನೋಡುವ ಹುಡುಗಿ ಅವಳು, ಅದಕ್ಕಾಗಿಯೇ ಮನೆಯಲ್ಲಿ ಓದಿಸುತ್ತಿದ್ದೇನೆ. ಆದರೂ ಆ ಗಳಿಗೆಯಲ್ಲಿ ನನಗೆ ಅಳು ಬಂತು. ಅವತ್ತಿನಿಂದ ಬೆಳಗಿನ ನಾಲ್ಕೂವರೆಗೆ ಎದ್ದು ಕರಡು ನೋಡಲು ಶುರುಮಾಡಿದೆ. ಕೆಲಸ ಉಳಿಯಿತು, ನಿದ್ದೆ ಹೋಯಿತು.

ಕೋವಿಡ್ ಕಾಲದಲ್ಲಿ ಇಡೀ ರಾಜ್ಯ ಇದರ ರುಚಿ ನೋಡಿದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ 1ರಿಂದ 5ನೇ ತರಗತಿಗಳು ಕರ್ನಾಟಕದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ರಂದು, ಸುಮಾರು ಹತ್ತೊಂಬತ್ತು ತಿಂಗಳ ಮೇಲೆ. ಅದು ಯಾರೂ ಬಯಸಿ ಆರಿಸಿಕೊಂಡದ್ದಲ್ಲ, ಹೋಮ್‌ಸ್ಕೂಲಿಂಗ್‌ಗೂ ಅದಕ್ಕೂ ಹೋಲಿಕೆ ಸರಿಯಲ್ಲ ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಒಂದು ಸಂಗತಿಯಂತೂ ಆಗ ಬೀದಿಬೀದಿಯಲ್ಲಿ ಗೊತ್ತಾಯಿತು. ಶಾಲೆ ನಿಂತಾಗ ಆ ಆರು ಗಂಟೆ ಗಾಳಿಯಲ್ಲಿ ಕರಗುವುದಿಲ್ಲ, ಮನೆಯೊಳಗಿನ ಯಾರೋ ಒಬ್ಬರ ಹೆಗಲಿಗೆ ಬೀಳುತ್ತದೆ.

ಯಾರ ಹೆಗಲು ಎಂಬುದಕ್ಕೆ ಅಂಕಿ ಸಂಖ್ಯೆ ಇದೆ. ಕೇಂದ್ರ ಸಾಂಖ್ಯಿಕ ಸಚಿವಾಲಯದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು, ಹಿರಿಯರ ಆರೈಕೆಯಲ್ಲಿ ತೊಡಗಿದವರ ಪೈಕಿ ಹೆಂಗಸರದು 137 ನಿಮಿಷ, ಗಂಡಸರದು 75. ಐದು ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಮನೆಗೆಲಸದ ಅಂಕಿ 299 ಮತ್ತು 97 ಇತ್ತು. ಇಬ್ಬರದೂ ಸುಮಾರು ಹತ್ತು ಹತ್ತು ನಿಮಿಷ ಇಳಿದಿದೆ, ನಡುವಿನ ಅಂತರ ಇದ್ದಲ್ಲೇ ಇದೆ. ಹೀಗೆ ಮೊದಲೇ ಒಂದು ಕಡೆ ವಾಲಿರುವ ತಕ್ಕಡಿಗೆ ಶಾಲೆಯ ಆರು ಗಂಟೆಯನ್ನೂ ಹಾಕಿದರೆ ಅದು ಯಾವ ಕಡೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ಬಲ್ಲ ಹತ್ತಾರು ಹೋಮ್‌ಸ್ಕೂಲಿಂಗ್ ಕುಟುಂಬಗಳಲ್ಲಿ ಕೆಲಸ ಬಿಟ್ಟ ಅಪ್ಪ ಒಬ್ಬರೇ. ಅವರನ್ನು ಎಲ್ಲರೂ ಹೊಗಳುತ್ತಾರೆ. ಅದೇ ಕೆಲಸ ಮಾಡುವ ಅಮ್ಮಂದಿರನ್ನು ಹೊಗಳುವವರನ್ನು ನಾನು ಕಂಡಿಲ್ಲ.

ಸಿಕ್ಕ ಸ್ವಾತಂತ್ರ್ಯವೂ ಸುಳ್ಳಲ್ಲ

ಇಷ್ಟು ಓದಿದವರಿಗೆ ನಾನು ಹೋಮ್‌ಸ್ಕೂಲಿಂಗ್ ವಿರುದ್ಧ ಬರೆಯುತ್ತಿದ್ದೇನೆ ಅನ್ನಿಸಬಹುದು. ಇಲ್ಲ. ಸಿಕ್ಕಿದ್ದನ್ನೂ ಹೇಳಲೇಬೇಕು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳರ ಗಲಾಟೆ ಇಲ್ಲ. ಸಾಕ್ಸ್ ಹುಡುಕುವುದಿಲ್ಲ, ಟಿಫಿನ್ ಡಬ್ಬಿ ಮರೆತು ಓಡುವುದಿಲ್ಲ, ಡೈರಿಗೆ ಸಹಿ ಹಾಕುವುದಿಲ್ಲ. ನವೆಂಬರ್ ತಿಂಗಳ ಒಂದು ಮಂಗಳವಾರ ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಾವು ಮೂರು ತಾಸು ಕೂತಿದ್ದೆವು. ಮಗಳು ಕಲ್ಲಿನ ರಥದ ಚಕ್ರವನ್ನು ಹಾಳೆಯ ಮೇಲೆ ಬರೆಯುತ್ತಿದ್ದಳು, ನಾನು ಏನೂ ಮಾಡದೆ ನೋಡುತ್ತಿದ್ದೆ. ರಜೆಯ ಜನಜಂಗುಳಿಯಲ್ಲಿ ಅದು ಆಗದ ಮಾತು. ಕಬ್ಬನ್ ಪಾರ್ಕ್‌ನ ಬಾಲಭವನ, ಮಕ್ಕಳ ಗ್ರಂಥಾಲಯ, ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲವನ್ನೂ ವಾರದ ದಿನಗಳಲ್ಲಿ ನಿಧಾನವಾಗಿ ನೋಡಿದ್ದೇವೆ. ಮಗಳ ಜೊತೆ ನಾನೂ ಹೊಸದಾಗಿ ಕಲಿತಿದ್ದೇನೆ. ಮೂವತ್ತು ವರ್ಷ ಹೆದರಿಕೊಂಡಿದ್ದ ಬೀಜಗಣಿತ ನನಗೆ ಅರ್ಥವಾದದ್ದು ಅವಳಿಗೆ ಹೇಳಿಕೊಡುವಾಗಲೇ.

ಆದರೆ ಆ ಸ್ವಾತಂತ್ರ್ಯ ಇಡೀ ಕುಟುಂಬಕ್ಕೆ ಸಿಕ್ಕಿದ್ದು. ಶಾಲೆಯ ವೇಳಾಪಟ್ಟಿಯಿಂದ ಮನೆ ಬಿಡುಗಡೆಯಾಯಿತು ಎಂದರೆ ಮನೆಯೊಳಗಿನ ಪ್ರತಿಯೊಬ್ಬರೂ ಬಿಡುಗಡೆಯಾದರು ಎಂದಾಗುವುದಿಲ್ಲ. ಇದು ನನಗೆ ಅರಿವಾದದ್ದು ಮಾವನವರಿಗೆ ಪಾರ್ಶ್ವವಾಯು ಆದಾಗ. ಶಿವಮೊಗ್ಗದ ಮನೆಯಲ್ಲಿ ನಲವತ್ತು ದಿನ ಅವರ ಜೊತೆ ಇದ್ದೆ. ಮಗಳಿಗೆ ಶಾಲೆ ತಪ್ಪುವ ಚಿಂತೆಯಿಲ್ಲ, ರಜಾ ಚೀಟಿ ಬೇಕಿಲ್ಲ. ಅಜ್ಜ ಮೊಮ್ಮಗಳು ಸೇರಿ ಎಡಗೈಯಲ್ಲಿ ಅಕ್ಷರ ತಿದ್ದಿದರು. ಅದೆಲ್ಲ ಸಿಕ್ಕಿದ್ದು ಹೋಮ್‌ಸ್ಕೂಲಿಂಗ್‌ನಿಂದಲೇ. ಆದರೆ ಅಲ್ಲಿಗೆ ಹೋಗಬೇಕಾದವರು ಯಾರು ಎಂಬ ಚರ್ಚೆಯೇ ಆಗಲಿಲ್ಲ. ಮೂವರು ಮಕ್ಕಳು, ಇಬ್ಬರು ಸೊಸೆಯರು, ಒಬ್ಬ ಅಳಿಯ ಇರುವ ಮನೆಯಲ್ಲಿ ‘ಹೇಗಿದ್ದರೂ ನೀನು ಮನೇಲೇ ಇರ್ತೀಯಲ್ಲ’ ಎಂಬ ಒಂದು ಮಾತು ಸಾಕಾಯಿತು.

ಈ ಮಾತನ್ನು ಹೋಮ್‌ಸ್ಕೂಲಿಂಗ್ ಮಾಡುವ ಪ್ರತಿಯೊಬ್ಬ ತಾಯಿಯೂ ಕೇಳಿರುತ್ತಾಳೆ. ಪ್ಲಂಬರ್ ಬರುತ್ತಾನೆ, ಕೊರಿಯರ್ ಬರುತ್ತದೆ, ಪಕ್ಕದ ಮನೆಯ ಮಗು ಶಾಲೆಯಿಂದ ಬೇಗ ಬಂದಿರುತ್ತದೆ, ಊರಿಂದ ಬಂದವರಿಗೆ ಆಸ್ಪತ್ರೆ ತೋರಿಸಬೇಕಿರುತ್ತದೆ. ಗಡಿಯಾರಕ್ಕೆ ಕಟ್ಟಿಹಾಕದ ಹೊತ್ತು ಊರವರ ಕಣ್ಣಿಗೆ ಖಾಲಿ ಹೊತ್ತಾಗಿ ಕಾಣುತ್ತದೆ. ಆಫೀಸಿಗೆ ಹೋಗುವವಳಿಗೆ ‘ಲೀವ್ ಸಿಗಲ್ಲ’ ಎನ್ನುವ ಗುರಾಣಿ ಇರುತ್ತದೆ, ಮಕ್ಕಳನ್ನು ಶಾಲೆಗೆ ಕಳಿಸುವವಳಿಗೂ ‘ನಾಳೆ ಮಗೂಗೆ ಟೆಸ್ಟಿದೆ’ ಎನ್ನುವ ಗುರಾಣಿ ಇರುತ್ತದೆ. ನನ್ನ ಹತ್ತಿರ ಎರಡೂ ಇರಲಿಲ್ಲ.

ಎಲ್ಲದಕ್ಕೂ ಉತ್ತರಿಸಬೇಕಾದವಳು

ಹೊತ್ತಿಗಿಂತ ಭಾರವಾದದ್ದು ಹೊಣೆ. ಶಾಲೆಗೆ ಹೋಗುವ ಮಗುವಿಗೆ ಏಳು ಎಂಟಲ ಐವತ್ತಾರು ಬಾರದಿದ್ದರೆ ಜನ ಶಾಲೆಯನ್ನು ಬೈಯುತ್ತಾರೆ, ಮೇಷ್ಟ್ರನ್ನು ಬೈಯುತ್ತಾರೆ, ಪಠ್ಯಪುಸ್ತಕವನ್ನು ಬೈಯುತ್ತಾರೆ. ನನ್ನ ಮಗಳು ಗೃಹಪ್ರವೇಶವೊಂದರಲ್ಲಿ ದೊಡ್ಡಪ್ಪನ ಮುಂದೆ ಕರ್ನಾಟಕದ ಜಿಲ್ಲೆಗಳ ಸಂಖ್ಯೆ ತಪ್ಪು ಹೇಳಿದಾಗ ಸುತ್ತಲಿದ್ದ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ಅವತ್ತು ನಪಾಸಾದವಳು ನಾನು. ಆ ರಾತ್ರಿಯೇ ಜಿಲ್ಲೆಗಳ ನಕ್ಷೆ ತೆಗೆದು ಅವಳನ್ನು ಕೂರಿಸಿದೆ, ಅವಳಿಗೆ ನಿದ್ದೆ ಬರುತ್ತಿದ್ದರೂ. ಯಾವ ಹೆದರಿಕೆಯಿಂದ ಅವಳನ್ನು ಶಾಲೆ ಬಿಡಿಸಿದ್ದೆನೋ ಅದನ್ನೇ ನಾನು ಮನೆಯೊಳಗೆ ತರುತ್ತಿದ್ದೇನೆ ಎಂದು ಹೊಳೆದದ್ದು ಅವಳು ನಕ್ಷೆಯ ಮೇಲೆ ತಲೆಯಿಟ್ಟು ಮಲಗಿದ ಮೇಲೆ.

ಇದರಲ್ಲಿ ಮಗುವಿಗೂ ಒಂದು ನಷ್ಟವಿದೆ. ಶಾಲೆಯಿಂದ ಬಂದ ಮಗು ಬ್ಯಾಗ್ ಎಸೆದು ‘ಆ ಮಿಸ್ ಸರಿಯಿಲ್ಲ’ ಎಂದು ಅಮ್ಮನ ಹತ್ತಿರ ದೂರುತ್ತದೆ. ಅಮ್ಮನೇ ಮಿಸ್ ಆದಾಗ ಆ ದೂರನ್ನು ತೆಗೆದುಕೊಂಡು ಹೋಗಲು ಇನ್ನೊಂದು ಮಡಿಲಿಲ್ಲ. ಗಣಿತದ ಮೇಲಿನ ಸಿಟ್ಟು ಊಟದ ತಟ್ಟೆಗೂ ಬರುತ್ತದೆ. ನಮ್ಮಿಬ್ಬರ ನಡುವೆ ಮೂರನೆಯವರೊಬ್ಬರು ಬೇಕು ಎಂದು ಹೊಳೆದ ಮೇಲೆ, ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರ ಹತ್ತಿರ ವಾರಕ್ಕೆರಡು ದಿನ ಕನ್ನಡಕ್ಕೆ ಕಳಿಸತೊಡಗಿದೆ. ಹಳಗನ್ನಡದ ಒಂದೆರಡು ಪದ್ಯ ಬಾಯಿಪಾಠವಾಯಿತು ಎನ್ನುವುದಕ್ಕಿಂತ, ಅವರ ಮನೆಯಲ್ಲಿ ನನ್ನ ಮೇಲೆ ದೂರು ಹೇಳಿ ಬರುತ್ತಾಳೆ ಎನ್ನುವುದು ನನಗೆ ಹೆಚ್ಚಿನ ಸಮಾಧಾನ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಜೆನಿಫರ್ ಲೋಯಿಸ್ ಹೋಮ್‌ಸ್ಕೂಲಿಂಗ್ ಮಾಡುವ ತಾಯಂದಿರ ನಡುವೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ದಣಿದು ಕೈಚೆಲ್ಲುವ ಹಂತಕ್ಕೆ ಬಂದ ತಾಯಂದಿರು ಹೇಗೆ ಮುಂದುವರಿಯುತ್ತಾರೆ ಎಂಬುದು ಅವರ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಆ ತಾಯಂದಿರು ಬದುಕನ್ನು ಋತುಗಳಂತೆ ಕಾಣಲು ಕಲಿಯುತ್ತಾರಂತೆ: ಇದು ಮಕ್ಕಳ ಕಾಲ, ನನ್ನ ಕಾಲ ಮುಂದೆ ಬರುತ್ತದೆ, ಈಗಲೇ ಎರಡನ್ನೂ ಹಿಡಿಯಲು ಹೋದರೆ ಎರಡೂ ಕೆಡುತ್ತವೆ. ಇದನ್ನು ಓದಿದಾಗ ನನಗೆ ನಮ್ಮ ಅಜ್ಜಿಯರ ಮಾತೇ ಕೇಳಿದಂತಾಯಿತು, ‘ಮಕ್ಕಳು ಒಂದು ದಡ ಸೇರಲಿ, ಆಮೇಲೆ ನೋಡೋಣ.’ ಮನಸ್ಸಿಗೆ ನೆಮ್ಮದಿ ಕೊಡುವ ದಾರಿ ಅದು, ಒಪ್ಪುತ್ತೇನೆ. ಆದರೆ ಮುಂದೂಡಿದ ಎಲ್ಲವೂ ಕಾಯುತ್ತಾ ಕೂರುವುದಿಲ್ಲ. ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟೊಂಬತ್ತು ವರ್ಷ ದುಡಿದು ಮಗುವಿಗಾಗಿ ಕೆಲಸ ಬಿಟ್ಟವಳು ಮುಂದೆ ಸೇವೆ ಸೇರಿಸಿಕೊಳ್ಳಲಾಗದಿದ್ದರೆ ಅದರಿಂದ ಹೊರಗೇ ಉಳಿಯುತ್ತಾಳೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಅಂದರೆ ಎರಡು ವರ್ಷ. ಹೋಮ್‌ಸ್ಕೂಲಿಂಗ್ ಬೇಡುವುದು ಎಂಟರಿಂದ ಹತ್ತು ವರ್ಷ. ಉಳಿತಾಯವಾದ ಶಾಲಾ ಫೀಸಿನ ಲೆಕ್ಕವನ್ನು ಎಲ್ಲ ಅಪ್ಪಂದಿರೂ ಹಾಕುತ್ತಾರೆ. ಪಿಂಚಣಿ ಶುರುವಾಗಬೇಕಾದ ಅಮ್ಮನ 58ನೇ ವರ್ಷದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಹಾಕಬೇಕು.

ಹೊರೆ ಹಂಚಿಕೊಳ್ಳಲು ಕಾನೂನು ಬಿಡುತ್ತದೆಯೇ?

ಇಲ್ಲಿ ವಿಷಯ ಮನೆಯ ಹೊಸಿಲು ದಾಟುತ್ತದೆ. ಭಾರತದಲ್ಲಿ ಹೋಮ್‌ಸ್ಕೂಲಿಂಗ್‌ಗೆ ‘ಮಾಡಬಹುದು’ ಎಂದು ಹೇಳುವ ಕಾನೂನಿಲ್ಲ, ಮಾಡಿದ ತಂದೆ ತಾಯಿಗೆ ಶಿಕ್ಷೆಯೂ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ, 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ದಂಡ ಇಷ್ಟು ಎಂದು ಎಲ್ಲೂ ಹೇಳುವುದಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟ್‌ನ ಮುಂದೆ ಈ ಪ್ರಶ್ನೆ ಬಂದಾಗ ಕೇಂದ್ರ ಸರ್ಕಾರ ಮೊದಲು ಕಾಯ್ದೆ ಮನೆಶಿಕ್ಷಣಕ್ಕೆ ಅಡ್ಡಿಯಲ್ಲ ಎಂಬರ್ಥದ ಪ್ರಮಾಣಪತ್ರ ಕೊಟ್ಟು, ಆಮೇಲೆ ಅದನ್ನು ಹಿಂದಕ್ಕೆ ಪಡೆಯಿತು. ಅಂದಿನಿಂದ ಈ ಕುಟುಂಬಗಳು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿಯಲ್ಲೇ ಬದುಕು ಸಾಗಿಸುತ್ತಿವೆ.

ಪರೀಕ್ಷೆಯ ದಾರಿ ಮಾತ್ರ ಸ್ಪಷ್ಟ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ನಾವೆಲ್ಲ ಕರೆಯುವ ಎನ್ಐಓಎಸ್, 14 ತುಂಬಿದವರಿಗೆ ಹತ್ತನೇ ತರಗತಿಯ ನೋಂದಣಿ ಕೊಡುತ್ತದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಮಗು ಒಂದೊಂದೇ ವಿಷಯ ಮುಗಿಸಬಹುದು. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿಯೂ ಬರೆಯಬಹುದು. ಹಾಗಾಗಿ ಮದುವೆ ಮನೆಯ ಮೊದಲ ಪ್ರಶ್ನೆಗೆ ಉತ್ತರ ಸುಲಭ.

ಕಷ್ಟ ಇರುವುದು ಹಂಚಿಕೆಯಲ್ಲಿ. ಟೆಕ್ಸಾಸ್‌ನಲ್ಲಿರುವ ನನ್ನ ಗೆಳತಿ, ಮಂಡ್ಯದವಳು, ಗಂಡನ ವೀಸಾದ ಮೇಲೆ ಹೋದವಳು, ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸುತ್ತಾಳೆ. ಅಲ್ಲಿ 1994ರ ರಾಜ್ಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸರಿಯಾಗಿ ನಡೆಸಿದ ಮನೆಶಾಲೆಯೂ ಖಾಸಗಿ ಶಾಲೆಯೇ. 1993ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್ ಕಾನೂನುಬದ್ಧವಾಗಿತ್ತು, 2019ರಲ್ಲಿ ಸುಮಾರು 15 ಲಕ್ಷ ಮಕ್ಕಳು ಹಾಗೆ ಓದುತ್ತಿದ್ದರು. ಅವಳ ಊರಲ್ಲಿ ಹನ್ನೆರಡು ಕುಟುಂಬ ಸೇರಿ ಚರ್ಚ್‌ನ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದಾರೆ. ಮಂಗಳವಾರ, ಗುರುವಾರ ಒಬ್ಬೊಬ್ಬ ತಾಯಿ ಒಂದೊಂದು ವಿಷಯ ಹೇಳಿಕೊಡುತ್ತಾಳೆ. ನನ್ನ ಗೆಳತಿಯದು ಗಣಿತ, ಒಂದು ಗಂಟೆ. ಉಳಿದ ನಾಲ್ಕು ಗಂಟೆ ಅವಳದೇ. ‘ಆ ನಾಲ್ಕು ಗಂಟೆ ಇಲ್ಲದಿದ್ರೆ ನಾನು ಯಾವತ್ತೋ ಬಿಟ್ಟುಬಿಡ್ತಿದ್ದೆ’ ಅನ್ನುತ್ತಾಳೆ. ಅಲ್ಲಿಯೂ ದಣಿವಿದೆ, ಅಲ್ಲಿಯೂ ತಾಯಂದಿರದೇ ಹೆಚ್ಚಿನ ದುಡಿಮೆ. ಆದರೆ ಕೂಡಿ ಮಾಡಲು ಹೆದರಬೇಕಿಲ್ಲ.

ಅದನ್ನೇ ಬೆಂಗಳೂರಿನಲ್ಲಿ ಮಾಡಲು ನಾವು ಆರು ಕುಟುಂಬ ಯೋಚಿಸಿದೆವು. ಜಯನಗರದ ಒಂದು ಮನೆಯ ಮಹಡಿ, ವಾರಕ್ಕೆ ಮೂರು ದಿನ, ಬಾಡಿಗೆ ಹಂಚಿಕೊಳ್ಳುವುದು. ಗುಂಪಿನಲ್ಲಿದ್ದ ವಕೀಲೆಯೊಬ್ಬರು ಕಾಯ್ದೆಯ 18ನೇ ಕಲಂ ಓದಿ ಹೇಳಿದರು. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ಆರು ಮಕ್ಕಳು ಒಂದು ಕಡೆ ಕೂತು ಓದಿದರೆ ಅದು ಶಾಲೆಯೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು, ಯಾವಾಗ? ಮಾನ್ಯತೆ ಇಲ್ಲದ ಬೋರ್ಡ್ ಹಾಕಿ ಬಡವರಿಂದ ಫೀಸು ಕೀಳುವವರನ್ನು ತಡೆಯಲು ಆ ಕಲಂ ಬೇಕು, ಅದನ್ನು ತೆಗೆಯಿರಿ ಎಂದು ನಾನು ಹೇಳಲಾರೆ. ಆದರೆ ಅದರ ನೆರಳು ನಮ್ಮ ಮಹಡಿಯ ಮೇಲೂ ಬಿತ್ತು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಮನೆಯೊಳಗೆ ಒಬ್ಬಳೇ ಮಾಡಿದರೆ ಯಾರೂ ಕೇಳುವುದಿಲ್ಲ, ನಾಲ್ವರು ಸೇರಿ ಮಾಡಿದರೆ ಭಯ. ತಾಯಿಯ ಒಂಟಿತನವನ್ನು ಹೀಗೆ ಕಾನೂನಿನ ಮೌನವೇ ಗಟ್ಟಿಮಾಡುತ್ತದೆ.

ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಮನೆಮನೆ ಸಮೀಕ್ಷೆಗಳಿಗೆ ಅದು ಒತ್ತು ಕೊಟ್ಟಿತು, ಒಳ್ಳೆಯದೇ ಆಯಿತು. ಇಟ್ಟಿಗೆ ಗೂಡಿನಲ್ಲಿ, ಕಟ್ಟಡದ ಕೆಲಸದಲ್ಲಿ ಕಳೆದುಹೋಗುವ ಮಕ್ಕಳನ್ನು ಹುಡುಕಲು ಬೇರೆ ದಾರಿಯಿಲ್ಲ. ಒಂದು ಮಧ್ಯಾಹ್ನ ಸಮೀಕ್ಷೆಗೆ ಬಂದ ಶಿಕ್ಷಕಿ ನಮ್ಮ ಬಾಗಿಲಲ್ಲಿ ನಿಂತು, ಬಿಸಿಲಿಗೆ ಬೆವರುತ್ತಾ, ಹಾಳೆಯ ಮೇಲೆ ಪೆನ್ನು ಹಿಡಿದು ಯೋಚಿಸಿದರು. ‘ಶಾಲೆಗೆ ಹೋಗ್ತಾಳೆ’ ಒಂದು ಕಾಲಂ, ‘ಹೋಗಲ್ಲ’ ಇನ್ನೊಂದು. ಎರಡನೆಯದಕ್ಕೆ ಕಾರಣ ಬರೆಯಬೇಕು: ಬಡತನ, ವಲಸೆ, ದುಡಿಮೆ, ಅನಾರೋಗ್ಯ. ಮಗಳು ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಆ ಶಿಕ್ಷಕಿ ಅವಳ ಜೊತೆ ಹತ್ತು ನಿಮಿಷ ಮಾತಾಡಿ, ಅವಳ ನೋಟ್‌ಬುಕ್ ನೋಡಿ, ‘ನಿಮ್ಮನ್ನ ಎಲ್ಲಿ ಬರೀಲಿ ಮೇಡಂ?’ ಎಂದು ಕೇಳಿದರು. ಅವರ ದನಿಯಲ್ಲಿ ಆಕ್ಷೇಪ ಇರಲಿಲ್ಲ, ನಿಜವಾದ ಗೊಂದಲ ಇತ್ತು. ನನಗೂ ಗೊತ್ತಿರಲಿಲ್ಲ.

ಒಂದು ಕಾಲಂ ಇದ್ದಿದ್ದರೆ, ವರ್ಷಕ್ಕೊಮ್ಮೆ ಬಂದು ಮಗುವನ್ನು ಮಾತಾಡಿಸುವ ಒಬ್ಬ ಶಿಕ್ಷಕಿ ಇದ್ದಿದ್ದರೆ, ಪಕ್ಕದ ಸರ್ಕಾರಿ ಶಾಲೆಯ ಆಟದ ಪಿರಿಯಡ್‌ಗೆ, ಪ್ರಯೋಗಾಲಯಕ್ಕೆ ವಾರಕ್ಕೆರಡು ದಿನ ಸೇರಿಸಿಕೊಳ್ಳುವ ಅನುಮತಿ ಇದ್ದಿದ್ದರೆ, ಮಗುವಿನ ಮೇಲೆ ಸರ್ಕಾರಕ್ಕೂ ಒಂದು ಕಣ್ಣಿರುತ್ತಿತ್ತು, ತಾಯಿಗೂ ಉಸಿರಾಡಲು ಜಾಗ ಸಿಗುತ್ತಿತ್ತು. ಜರ್ಮನಿಯಂತೆ ‘ಶಾಲೆಗೇ ಬರಬೇಕು’ ಎಂದು ಕಡ್ಡಾಯ ಮಾಡುವುದೂ ಒಂದು ನಿಲುವು. ನಮ್ಮದು ಯಾವ ನಿಲುವೂ ಅಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಮಗು ತನ್ನ ವೇಗದಲ್ಲಿ, ಭಯವಿಲ್ಲದೆ, ಕೈಯಿಂದ ಮಾಡಿ ಕಲಿಯಲಿ ಎಂದು ನಾವು ಮನೆಯಲ್ಲಿ ಬಯಸುವುದನ್ನು ನಮ್ಮದೇ ರಾಜ್ಯದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಎಂದು ಶುರುಮಾಡಿದ್ದರು. ಆ ಮನಸ್ಸು ಮಗಳ ಶಾಲೆಯಲ್ಲಿ ಇದ್ದಿದ್ದರೆ ನಾನು ಟಿ.ಸಿ. ತರುತ್ತಿರಲಿಲ್ಲ. ಶಾಲೆ ಹಗುರವಾದಷ್ಟೂ ಮನೆಯಲ್ಲಿ ಹೆಣ್ಣಿನ ಕೈ ಬಿಡುವಾಗುತ್ತದೆ. ಒಬ್ಬಂಟಿ ತಾಯಿಗೆ, ಇಬ್ಬರೂ ದುಡಿಯದೆ ಬಾಡಿಗೆ ಕಟ್ಟಲಾಗದ ಮನೆಗೆ ಹೋಮ್‌ಸ್ಕೂಲಿಂಗ್ ಎಂಬ ಬಾಗಿಲು ಎಂದೂ ತೆರೆಯುವುದಿಲ್ಲ. ಅವರ ಮಕ್ಕಳಿಗೆ ಬರುವ ಭಾನುವಾರದ ಹೊಟ್ಟೆನೋವಿಗೆ ಶಾಲೆಯೊಳಗೇ ಮದ್ದು ಬೇಕು.

ನಾವು ಬದಲಾಯಿಸಿಕೊಂಡದ್ದು

ಮೂರನೆಯ ವರ್ಷದ ಕೊನೆಗೆ ನಾನು ಗಂಡನ ಮುಂದೆ ಒಂದು ಹಾಳೆ ಇಟ್ಟೆ. ಜಗಳವಾಡಿ ದಣಿದ ಮೇಲೆ ಉಳಿದ ದಾರಿ ಅದೊಂದೇ. ಒಂದು ವಾರ ನಾನು ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಹೊತ್ತು ಪಾಠ ಹೇಳಿದೆ, ಎಷ್ಟು ಹೊತ್ತು ಬರೀ ಜೊತೆಗಿದ್ದೆ, ಒಂದೇ ಸಮನೆ ನನಗೆ ಸಿಕ್ಕ ಅತಿ ದೊಡ್ಡ ಬಿಡುವು ಎಷ್ಟು ನಿಮಿಷದ್ದು ಎಂದು ಅದರಲ್ಲಿ ಬರೆದಿದ್ದೆ. ಕೊನೆಯ ಕಾಲಂನಲ್ಲಿ ಇದ್ದದ್ದು 35 ನಿಮಿಷ, ಗುರುವಾರ, ಮಗಳು ಜ್ವರ ಬಂದು ಮಲಗಿದ್ದಾಗ. ಅವರು ಒಳ್ಳೆಯ ಮನುಷ್ಯ, ಸಂಜೆ ಬಂದು ವಿಜ್ಞಾನ ಹೇಳಿಕೊಡುತ್ತಾರೆ, ಪಾತ್ರೆ ತೊಳೆಯುತ್ತಾರೆ. ತಾನು ಸಾಕಷ್ಟು ಮಾಡುತ್ತಿದ್ದೇನೆ ಎಂದೇ ನಂಬಿದ್ದರು. ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹೊಣೆ ಹಂಚಿಕೊಳ್ಳುವುದಕ್ಕೂ ಸಹಾಯ ಮಾಡುವುದಕ್ಕೂ ಇರುವ ಅಂತರ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಮಾತಿಗೆ ಬಂದದ್ದು ಅವತ್ತು.

ಅವರು ಆಫೀಸಿನಲ್ಲಿ ಕೇಳಿ ಮಂಗಳವಾರ ಬೆಳಗಿನ ಹೊತ್ತನ್ನು ಬಿಡಿಸಿಕೊಂಡರು, ಅದರ ಬದಲು ಶನಿವಾರ ಕೂರುತ್ತಾರೆ. ಮಂಗಳವಾರದ ಪಾಠ ಏನಿರಬೇಕು ಎಂದು ಯೋಚಿಸುವುದೂ ಅವರದೇ ಕೆಲಸ, ನಾನು ಪಟ್ಟಿ ಬರೆದುಕೊಡುವುದಿಲ್ಲ. ಮೊದಲ ಎರಡು ತಿಂಗಳು ಅಪ್ಪ ಮಗಳು ಸೇರಿ ಏನು ಮಾಡಿದರೋ ನನಗೆ ತಿಳಿಯದು, ಮನೆ ತುಂಬ ಹರಡಿದ ತಂತಿ ಮತ್ತು ಬ್ಯಾಟರಿಗಳನ್ನು ನೋಡಿ ಊಹಿಸಿದ್ದೇನೆ. ಬೇಡವೆಂದರೂ ಸಲಹೆ ಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು. ಎಲ್ಲವೂ ನನ್ನ ಕೈಯಲ್ಲೇ ಆಗಬೇಕು ಎಂಬ ಹಟ ನನ್ನಲ್ಲೂ ಬೆಳೆದಿತ್ತು ಎಂದು ಒಪ್ಪಿಕೊಳ್ಳಬೇಕು.

ಮಗಳು ಎಂಟನೆಯ ತರಗತಿಗೆ ಶಾಲೆಗೆ ಹೋಗುತ್ತಾಳೋ, 14 ತುಂಬಿದ ಮೇಲೆ ಎನ್ಐಓಎಸ್‌ಗೆ ನೋಂದಾಯಿಸುತ್ತೇವೋ ಎಂದು ಈ ಬೇಸಿಗೆಯಲ್ಲಿ ಮೂವರೂ ಕೂತು ಮಾತಾಡುತ್ತಿದ್ದೇವೆ. ಅವಳಿಗೆ ಏನು ಬೇಕು ಎಂದು ಕೇಳಿದ್ದಾಯಿತು. ‘ನಿನಗೆ?’ ಎಂದು ಈ ಸಲ ಅವಳು ನನ್ನನ್ನು ಕೇಳಿದಳು. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ.

ಮಂಗಳವಾರ 10ರಿಂದ 1ರವರೆಗೆ ನಾನು ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯದಲ್ಲಿರುತ್ತೇನೆ, ಕಿಟಕಿ ಪಕ್ಕದ ಮೇಜು ಸಿಕ್ಕರೆ ಅಲ್ಲಿ. ಕರಡಿನ ಕಟ್ಟು, ಕೆಂಪು ಪೆನ್ನು, ಒಂದು ಬಾಟಲಿ ನೀರು. ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.